ಆಟಕ್ಕೆ ಮುಂಚಿನ ಆಟ



ಅಮೆರಿಕದ ವೃತ್ತಿಪರ ಫುಟ್‌ಬಾಲ್ ಪಂದ್ಯದಲ್ಲಿ, ಚೆಂಡು ಹಿಡಿದು ಮುನ್ನುಗ್ಗುವ ತಂಡದ ಒಬ್ಬನ ಹೆಲ್ಮೆಟ್ಟಿನ ಹಿಂಬದಿಯಲ್ಲಿ ಒಂದು ಹಸಿರು ಚುಕ್ಕೆ ಕಾಣುತ್ತದೆ. ಒಳಗೆ ಕಿವಿಯ ಹತ್ತಿರ ಪುಟ್ಟದೊಂದು ರೇಡಿಯೊ ಇದೆ ಎನ್ನುವುದಕ್ಕೆ ಅದು ಗುರುತು. ಮೈದಾನದ ಅಂಚಿನಲ್ಲಿ ನಿಂತ ಕೋಚ್ ಹೇಳಿದ್ದು ಆತನ ಕಿವಿಗೆ ಬೀಳುತ್ತದೆ. ಆತ ತಿರುಗಿ ಮಾತಾಡುವಂತಿಲ್ಲ. ಬಾನುಲಿಯಲ್ಲಿ ಇದನ್ನು ಕೇಳುತ್ತಿರುವ ನಿಮ್ಮ ಪಾಡೂ ಅದೇ ಎಂದು ಬಲ್ಲೆ.

ಒಂದು ಯತ್ನ ಮುಗಿದು ಮುಂದಿನದು ಶುರುವಾಗಲು ತಂಡಕ್ಕೆ ಸಿಗುವುದು 40 ಸೆಕೆಂಡು. ಗಡಿಯಾರದಲ್ಲಿ 15 ಸೆಕೆಂಡು ಉಳಿಯಿತು ಎನ್ನುವಾಗ ಹೆಲ್ಮೆಟ್ಟಿನ ಆ ರೇಡಿಯೊ ಕಡಿದುಹೋಗುತ್ತದೆ. ನಿಯಮವೇ ಹಾಗಿದೆ. ಅಲ್ಲಿಂದ ಮುಂದೆ ಆತನಿಗೆ ಹೇಳಿಕೊಡುವವರು ಯಾರೂ ಇಲ್ಲ. ಎದುರಿಗೆ 11 ಜನ ಎದುರಾಳಿಗಳು, ಸುತ್ತ 60-70 ಸಾವಿರ ಜನರ ಕೂಗು. ಆ ಮನುಷ್ಯ ಕ್ವಾರ್ಟರ್‌ಬ್ಯಾಕ್. ಕೋಚ್‌ನ ದನಿ ಕಡಿದ ಮೇಲಿನ ಆ 15 ಸೆಕೆಂಡುಗಳಿಗಾಗಿ ಅಂಥವನೊಬ್ಬ ತನ್ನ ಇಡೀ ವಾರವನ್ನು, ಒಂದರ್ಥದಲ್ಲಿ ಇಡೀ ಬದುಕನ್ನು ಹೇಗೆ ಕಟ್ಟಿಕೊಳ್ಳುತ್ತಾನೆ ಎನ್ನುವುದೇ ಇಂದಿನ ಮಾತು.

ಮೊದಲು ಆಟದ ಪರಿಚಯ, ಬೇಕಾದಷ್ಟು ಮಾತ್ರ. ನಾವು ಫುಟ್‌ಬಾಲ್ ಎನ್ನುವ ಕಾಲ್ಚೆಂಡಾಟಕ್ಕೂ ಇದಕ್ಕೂ ಸಂಬಂಧ ಕಡಿಮೆ. ಇಲ್ಲಿ ಚೆಂಡು ಬಹುಪಾಲು ಕೈಯಲ್ಲೇ ಇರುತ್ತದೆ. 100 ಗಜದ ಮೈದಾನ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಯತ್ನಗಳ ಅವಕಾಶ. ಸಾಗಿದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಗಳ ಪಾಲು. ಮೈದಾನದ ಕೊನೆಯ ಪಟ್ಟಿಯೊಳಗೆ ಚೆಂಡನ್ನು ಮುಟ್ಟಿಸಿದರೆ ಟಚ್‌ಡೌನ್, 6 ಅಂಕ. ಪ್ರತಿ ಯತ್ನದಲ್ಲೂ ನಡುವೆ ಬಗ್ಗಿ ಕೂತ ಸೆಂಟರ್ ಎಂಬಾತ ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಅದನ್ನು ಪಡೆಯುವವನು ಕ್ವಾರ್ಟರ್‌ಬ್ಯಾಕ್. ಅದನ್ನು ಓಡುವವನ ಕೈಗೆ ಇಡಬೇಕೋ, ಮುಂದೆ ಧಾವಿಸುತ್ತಿರುವ ಸಂಗಾತಿಗಳಲ್ಲಿ ಒಬ್ಬನಿಗೆ ಎಸೆಯಬೇಕೋ, ಆತನೇ ತೀರ್ಮಾನಿಸಬೇಕು. ತೀರ್ಮಾನಕ್ಕೆ ಸಿಗುವ ಸಮಯ ಹೆಚ್ಚೂಕಡಿಮೆ ಎರಡೂವರೆ ಸೆಕೆಂಡು. ಅಷ್ಟರೊಳಗೆ ಎಸೆಯದಿದ್ದರೆ 120 ಕಿಲೋ ತೂಗುವವರು ಬಂದು ಮೈಮೇಲೆ ಬೀಳುತ್ತಾರೆ. ತಪ್ಪು ಜಾಗಕ್ಕೆ ಎಸೆದರೆ ಎದುರಾಳಿ ಹಿಡಿದುಕೊಳ್ಳುತ್ತಾನೆ. ಅದಕ್ಕೆ ಇಂಟರ್‌ಸೆಪ್ಷನ್ ಎನ್ನುತ್ತಾರೆ. ಕ್ವಾರ್ಟರ್‌ಬ್ಯಾಕ್‌ನ ಲೆಕ್ಕದ ಪುಸ್ತಕದಲ್ಲಿ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಎರಡೂವರೆ ಸೆಕೆಂಡಿನಲ್ಲಿ ಯಾರೂ ಕೂತು ಯೋಚಿಸಲಾರರು. ಆದ್ದರಿಂದ ಯೋಚನೆಯೆಲ್ಲ ಚೆಂಡು ಕೈಗೆ ಬರುವ ಮುಂಚೆಯೇ ಮುಗಿದಿರಬೇಕು. ಈ ವೃತ್ತಿಯ ಗುಟ್ಟೆಲ್ಲ ಅಲ್ಲಿದೆ. ತಡೆಯುವ ತಂಡ ತನ್ನ ವ್ಯೂಹವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಮುನ್ನುಗ್ಗುವಂತೆ ನಟಿಸಿದವನು ಹಿಂದೆ ಸರಿಯುತ್ತಾನೆ, ಹಿಂದೆ ನಿಂತವನು ಸದ್ದಿಲ್ಲದೆ ಮುಂದೆ ಬರುತ್ತಾನೆ. ಅದನ್ನು ಬಯಲಿಗೆಳೆಯಲು ಕ್ವಾರ್ಟರ್‌ಬ್ಯಾಕ್ ತನ್ನ ಕಡೆಯ ಒಬ್ಬನನ್ನು ಸಾಲಿನ ಈ ತುದಿಯಿಂದ ಆ ತುದಿಗೆ ನಡೆಸುತ್ತಾನೆ. ಎದುರಾಳಿಗಳಲ್ಲಿ ಒಬ್ಬ ಆತನ ಬೆನ್ನು ಹತ್ತಿ ಹೋದನೋ, ಅವರು ಆಳಿಗೊಬ್ಬ ಆಳನ್ನು ಕಾಯುತ್ತಿದ್ದಾರೆ ಎಂದು ಊಹಿಸಬಹುದು. ಯಾರೂ ಕದಲದಿದ್ದರೆ ಅವರು ಕಾಯುತ್ತಿರುವುದು ಜಾಗವನ್ನು. ಒಂದು ಹೆಜ್ಜೆಯಿಂದ ಒಂದು ವ್ಯೂಹವೇ ಬಯಲಾಗುತ್ತದೆ, ಆದರೆ ನೋಡುವ ಕಣ್ಣಿಗೆ ಏನನ್ನು ನೋಡಬೇಕು ಎನ್ನುವುದು ಮೊದಲೇ ಗೊತ್ತಿರಬೇಕು.

ಹಿಂದೆ ಈ ಕೆಲಸ ಇನ್ನೂ ಏಕಾಂಗಿಯದಾಗಿತ್ತು. 1950ರ ದಶಕದಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಜಾನಿ ಯುನೈಟಸ್ ಮೈದಾನದಲ್ಲಿ ವ್ಯೂಹಗಳನ್ನು ತಾನೇ ಆರಿಸುತ್ತಿದ್ದ. ಅದಕ್ಕೂ ಮುಂಚೆ, 1955ರಲ್ಲಿ, ಪಿಟ್ಸ್‌ಬರ್ಗ್ ತಂಡ ಆತನನ್ನು ಸೇರಿಸಿಕೊಂಡು ಋತು ಶುರುವಾಗುವ ಮುಂಚೆಯೇ ಕೈಬಿಟ್ಟಿತ್ತು. ಕಟ್ಟಡದ ಕೆಲಸ ಮಾಡುತ್ತ, ಪಂದ್ಯಕ್ಕೆ 6 ಡಾಲರಿನಂತೆ ಸ್ಥಳೀಯ ತಂಡವೊಂದಕ್ಕೆ ಆಡಿಕೊಂಡಿದ್ದವನು, ಸುಮಾರು ಮೂರು ವರ್ಷಗಳಲ್ಲಿ 1958ರ ರಾಷ್ಟ್ರೀಯ ಅಂತಿಮ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಗೆದ್ದುಕೊಟ್ಟ. ಹೆಲ್ಮೆಟ್ಟಿನ ರೇಡಿಯೊವನ್ನು ಕ್ಲೀವ್‌ಲ್ಯಾಂಡ್ ತಂಡದ ಕೋಚ್ ಪಾಲ್ ಬ್ರೌನ್ 1956ರಲ್ಲೇ ಪ್ರಯೋಗಿಸಿದ್ದರು. ವೃತ್ತಿಪರ ತಂಡಗಳ ಲೀಗ್ ಅದನ್ನು ಕೂಡಲೇ ನಿಷೇಧಿಸಿತು. ಮರಳಿ ಅನುಮತಿ ಸಿಕ್ಕಿದ್ದು 1994ರಲ್ಲಿ. ಆಗಲೂ 15 ಸೆಕೆಂಡು ಉಳಿದಾಗ ಅದನ್ನು ಕಡಿಯಬೇಕೆಂದು ಇಟ್ಟುಕೊಂಡದ್ದರಲ್ಲಿ ಒಂದು ವಿವೇಕವಿದೆ. ಪೂರ್ತಿ ಹೇಳಿಸಿಕೊಂಡು ಆಡುವವನಾದರೆ ಕ್ವಾರ್ಟರ್‌ಬ್ಯಾಕ್ ಬರೀ ಬಲವಾದ ತೋಳಾಗಿ ಉಳಿಯುತ್ತಿದ್ದ.

ಈಗ ನಾನು ಹೇಳಹೊರಟ ಮನುಷ್ಯನ ವಿಷಯಕ್ಕೆ ಬರುತ್ತೇನೆ. ಪೇಟನ್ ಮ್ಯಾನಿಂಗ್. ಈ ಹುದ್ದೆಯ ಶ್ರೇಷ್ಠರ ಮಾತು ಬಂದಾಗ ಟಾಮ್ ಬ್ರೇಡಿಯ ಹೆಸರು ಮೊದಲು ಬರುವುದು ಸಹಜ. ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಆರಿಸಿಕೊಳ್ಳುವ 2000ನೇ ಇಸವಿಯ ಸರದಿಯಲ್ಲಿ 199ನೆಯವನಾಗಿ ಉಳಿದು, ಮುಂದೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಏಳು ಸಲ ಗೆದ್ದವನ ಕತೆಗೆ ಕೇಳುಗರ ಕೊರತೆಯಿಲ್ಲ. ತಿರಸ್ಕೃತನಾದವನು, ಬಡವನಾದವನು ದುಡಿದು ಮೇಲೆ ಬಂದ ಕತೆ ನಮಗೆಲ್ಲ ಇಷ್ಟ. ಮ್ಯಾನಿಂಗ್ ಅಂಥವನಲ್ಲ. ಆತನಿಗೆ ಎಲ್ಲವೂ ಇತ್ತು. ತಂದೆ ಆರ್ಚಿ ಮ್ಯಾನಿಂಗ್ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್. ಮನೆಯಲ್ಲಿ ಅನುಕೂಲ, ಆರೂವರೆ ಅಡಿಗೆ ಕೊಂಚ ಕಡಿಮೆಯ ಎತ್ತರ, ಶಾಲೆಯಲ್ಲಿದ್ದಾಗಲೇ ಹೆಸರು. 1998ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ದೇಶದ ಎಲ್ಲ ಕಾಲೇಜು ಆಟಗಾರರಲ್ಲಿ ಮೊದಲನೆಯವನಾಗಿ ಆತನನ್ನೇ ಆರಿಸಿತು. ಹಸಿವು ದುಡಿಸಿತು ಎಂದು ಇಲ್ಲಿ ಹೇಳುವಂತಿಲ್ಲ. ಹಾಗಿದ್ದೂ ತನ್ನ ಕಾಲದಲ್ಲಿ ಅತಿ ಹೆಚ್ಚು ತಯಾರಾಗಿ ಬರುವವನೆಂದು ಹೆಸರಾದವನು ಆತನೇ. ನನ್ನ ಕುತೂಹಲ ಅಲ್ಲಿಂದಲೇ ಹುಟ್ಟಿತು.

ಮ್ಯಾನಿಂಗ್‌ನ ಬಾಲ್ಯದಲ್ಲಿ ನಮ್ಮ ಬಾನುಲಿಗೆ ಪ್ರಿಯವಾಗುವ ಸಂಗತಿಯೊಂದಿದೆ. ತಂದೆ ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಆಡಿದ ಪಂದ್ಯಗಳ ರೇಡಿಯೊ ವೀಕ್ಷಕ ವಿವರಣೆಯ ಟೇಪುಗಳು ಮನೆಯಲ್ಲಿದ್ದವು. 1969ರಲ್ಲಿ ಅಲಬಾಮಾ ವಿರುದ್ಧ 33-32ರಿಂದ ಸೋತ ಪಂದ್ಯ ಅದರಲ್ಲೊಂದು. ಹುಡುಗ ಪೇಟನ್ ಆ ಟೇಪುಗಳನ್ನು ಹಾಕಿ ಹಾಕಿ ಕೇಳಿ, ತಾನು ಹುಟ್ಟುವ ಮುಂಚಿನ ಆ ತಂಡದ ಆಟಗಾರರ ಹೆಸರುಗಳನ್ನು ಬಾಯಿಪಾಠ ಮಾಡಿದ್ದ. ಕಣ್ಣಿಗೆ ಕಾಣದ ಪಂದ್ಯವನ್ನು ಮಾತಿನಿಂದಲೇ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಆ ವಯಸ್ಸಿಗೇ ರೂಢಿಯಾಯಿತು. ಮುಂದೆ ಆತ ಮಾಡಿದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಹೊಳೆಯುತ್ತಿಲ್ಲ.

ಅಣ್ಣ ಕೂಪರ್ ಒಳ್ಳೆಯ ಆಟಗಾರ. ಶಾಲಾ ತಂಡದಲ್ಲಿ ತಮ್ಮ ಎಸೆದ ಚೆಂಡನ್ನು ಹಿಡಿಯುತ್ತಿದ್ದವನು. ಬೆನ್ನುಹುರಿಯ ನಾಳ ಕಿರಿದಾಗಿರುವುದು ಪತ್ತೆಯಾಗಿ 18ರ ಹರೆಯದಲ್ಲೇ ಆಟ ಬಿಡಬೇಕಾಯಿತು. ಪೇಟನ್ ವೃತ್ತಿಪರನಾಗಿ ಕೊನೆಯವರೆಗೂ ತೊಟ್ಟ 18ನೇ ಸಂಖ್ಯೆಯ ಅಂಗಿ ಒಂದು ಕಾಲಕ್ಕೆ ತಂದೆಯದು, ಆಮೇಲೆ ಅಣ್ಣನದು. ಒಂದೇ ದಿನದಲ್ಲಿ ಎಲ್ಲ ಕೈಬಿಟ್ಟುಹೋಗಬಹುದು ಎನ್ನುವುದನ್ನು ಮನೆಯಲ್ಲೇ ಕಂಡವನು ಸಿಕ್ಕ ದಿನಗಳನ್ನು ಪೋಲು ಮಾಡಲಿಲ್ಲ. ಇದು ನನ್ನ ಊಹೆ.

ಮೊದಲ ವರ್ಷ ಮಾತ್ರ ಹೀನಾಯವಾಗಿತ್ತು. 16 ಪಂದ್ಯಗಳಲ್ಲಿ ಮೂರು ಗೆಲುವು. 28 ಇಂಟರ್‌ಸೆಪ್ಷನ್. ಹೊಸ ಆಟಗಾರನೊಬ್ಬನ ಮಟ್ಟಿಗೆ ಅದು ಲೀಗಿನ ದಾಖಲೆ, ಅದನ್ನು ಯಾರಾದರೂ ಮುರಿದುಬಿಡಲಿ ಎಂದು ಮ್ಯಾನಿಂಗ್ ಆಮೇಲೂ ತಮಾಷೆ ಮಾಡುತ್ತಿದ್ದ. ಮರುವರ್ಷ ಅದೇ ತಂಡ 13 ಪಂದ್ಯ ಗೆದ್ದು ಮೂರು ಸೋತಿತು. ಹಿಂದಿನ ವರ್ಷದ ಅಂಕಿ ತಲೆಕೆಳಗಾಯಿತು. ನಡುವೆ ಏನಾಯಿತು? ಓಡುವವನೊಬ್ಬ ಹೊಸದಾಗಿ ಬಂದ, ನಿಜ. ಅದರ ಜೊತೆಗೆ, ಎಸೆದ ಒಂದೊಂದು ಕೆಟ್ಟ ಚೆಂಡಿನ ಚಿತ್ರವನ್ನೂ ಮ್ಯಾನಿಂಗ್ ಮತ್ತೆ ಮತ್ತೆ ನೋಡಿದ್ದ.

ಚಿತ್ರ ಎಂದೆ. ಅಲ್ಲಿನ ಆಟಗಾರರು ಅದನ್ನು ಇಂದಿಗೂ ಫಿಲ್ಮ್ ಎಂದೇ ಕರೆಯುತ್ತಾರೆ, ರೀಲು ಹೋಗಿ ಕಂಪ್ಯೂಟರ್ ಬಂದು ಎಷ್ಟೋ ಕಾಲವಾದರೂ. ಕ್ವಾರ್ಟರ್‌ಬ್ಯಾಕ್‌ನ ವಾರ ಫಿಲ್ಮಿನಿಂದಲೇ ನಡೆಯುತ್ತದೆ. ಭಾನುವಾರ ಪಂದ್ಯ. ಸೋಮವಾರ ಮೈಯ ಪೆಟ್ಟುಗಳಿಗೆ ಐಸು ಕಟ್ಟಿಕೊಂಡು ನಿನ್ನೆಯ ತಪ್ಪುಗಳನ್ನು ನೋಡುವುದು. ಮಂಗಳವಾರ ಆಟಗಾರರಿಗೆ ರಜೆ ಎನ್ನುವುದು ರೂಢಿ, ಆದರೆ ಕ್ವಾರ್ಟರ್‌ಬ್ಯಾಕ್ ಅಂದೇ ಮುಂದಿನ ಎದುರಾಳಿಯ ಹಳೆಯ ಪಂದ್ಯಗಳನ್ನು ಹಾಕಿಕೊಂಡು ಕೂರುತ್ತಾನೆ. ಬುಧವಾರ ಅಭ್ಯಾಸದ ಅಂಕಣದಲ್ಲಿ ಮೊದಲೆರಡು ಯತ್ನಗಳ ವ್ಯೂಹ, ಗುರುವಾರ ಮೂರನೇ ಯತ್ನದ್ದು, ಶುಕ್ರವಾರ ಕೊನೆಯ 20 ಗಜಗಳೊಳಗೆ ಬಂದಾಗ ಏನು ಎನ್ನುವುದು. ಶನಿವಾರ ಹಗುರವಾದ ನಡಿಗೆಯ ಅಭ್ಯಾಸ. ರಾತ್ರಿ ಮತ್ತೆ ಫಿಲ್ಮ್. ತಂಡದ ಉಳಿದವರು ತಮ್ಮ ತಮ್ಮ ಕೆಲಸ ತಿಳಿದುಕೊಂಡರೆ ಸಾಕು. ಈತನಿಗೆ 11 ಜನರ ಕೆಲಸವೂ ಗೊತ್ತಿರಬೇಕು, ಎದುರಿನ 11 ಜನರದ್ದೂ. ಮೂರನೇ ಯತ್ನದಲ್ಲಿ ಏಳು ಗಜ ಬಾಕಿಯಿದ್ದಾಗ ಈ ತಂಡ ಸಾಮಾನ್ಯವಾಗಿ ಏನು ಮಾಡುತ್ತದೆ? ಆ ಎಡಗಡೆಯವನು ಮುನ್ನುಗ್ಗುವ ಮುಂಚೆ ಕಾಲನ್ನು ಎಲ್ಲಿ ಊರುತ್ತಾನೆ? ಇಂಥ ಸಣ್ಣ ಸಣ್ಣ ಚಾಳಿಗಳನ್ನು ಹೆಕ್ಕುವುದೇ ಆ ಕತ್ತಲೆ ಕೋಣೆಯ ಕೆಲಸ.

ಬಿಸಿಲಿನಲ್ಲಿ ಮಾಡುವ ಕೆಲಸವೂ ಅಷ್ಟೇ ಇದೆ. ಮ್ಯಾನಿಂಗ್ ಎಸೆದು ಕೋಲ್ಟ್ಸ್‌ನ ಸಂಗಾತಿ ಮಾರ್ವಿನ್ ಹ್ಯಾರಿಸನ್ ಹಿಡಿದ ಟಚ್‌ಡೌನ್‌ಗಳು 112. ಇಬ್ಬರ ಜೋಡಿಯೊಂದು ಮಾಡಿದ ದಾಖಲೆ ಅದು. ಹ್ಯಾರಿಸನ್ ಹತ್ತು ಗಜ ಓಡಿ, ಪಕ್ಕಕ್ಕೆ ತಿರುಗಿ ಕಣ್ಣೆತ್ತುವ ಹೊತ್ತಿಗೆ ಚೆಂಡು ಅರ್ಧ ದಾರಿ ಬಂದಿರುತ್ತಿತ್ತು. ಮ್ಯಾನಿಂಗ್ ಎಸೆಯುತ್ತಿದ್ದುದು ಮನುಷ್ಯನಿಗಲ್ಲ, ಆ ಮನುಷ್ಯ ಬಂದು ಸೇರಲಿರುವ ಖಾಲಿ ಜಾಗಕ್ಕೆ. ಇಂಥ ನಂಬಿಕೆ ಮಾತಿನಿಂದ ಹುಟ್ಟುವುದಿಲ್ಲ. ಅಭ್ಯಾಸ ಮುಗಿದು ಎಲ್ಲರೂ ಹೊರಟ ಮೇಲೆ ಇಬ್ಬರೂ ಉಳಿದು, ಅದೇ ಹತ್ತು ಗಜ, ಅದೇ ತಿರುವು, ಬೇಸರ ಬರುವಷ್ಟು ಸಲ ಮಾಡಿದ್ದರಿಂದ ಹುಟ್ಟಿದ್ದು.

ಮಳೆಗೂ ಆತನ ಬಳಿ ತಯಾರಿ ಇತ್ತು. ಚೆಂಡನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಒದ್ದೆ ಚೆಂಡನ್ನು ಸೆಂಟರ್‌ನಿಂದ ಪಡೆಯುವ ಅಭ್ಯಾಸವನ್ನು ಆಗಾಗ ಹಟ ಹಿಡಿದು ಮಾಡಿಸುತ್ತಿದ್ದ. ಕೋಲ್ಟ್ಸ್ ತಂಡದ ಸ್ವಂತ ಕ್ರೀಡಾಂಗಣಕ್ಕೆ ಚಾವಣಿಯಿತ್ತು. ಮಳೆ ಬೀಳದ ಅಂಗಣದವನಿಗೆ ಇದೇನು ಹುಚ್ಚು ಎಂದು ಸಂಗಾತಿಗಳು ಗೊಣಗಿದ್ದರೆ ತಪ್ಪೆನ್ನಲಾಗದು. 2007ರ ಫೆಬ್ರವರಿ 4ರಂದು ಮಯಾಮಿಯಲ್ಲಿ ಷಿಕಾಗೊ ಬೇರ್ಸ್ ವಿರುದ್ಧದ ಸೂಪರ್ ಬೌಲ್ ಮಳೆಯಲ್ಲೇ ನಡೆಯಿತು. ಚೆಂಡು ಎರಡೂ ತಂಡಗಳ ಕೈಯಿಂದ ಜಾರಿತು, ಕೋಲ್ಟ್ಸ್‌ನವರ ಕೈಯಿಂದಲೂ. ಆದರೆ 29-17ರಿಂದ ಗೆದ್ದವರು ಅವರೇ, ಪಂದ್ಯದ ಶ್ರೇಷ್ಠ ಆಟಗಾರ ಮ್ಯಾನಿಂಗ್.

ಮೈದಾನದಲ್ಲಿ ಆತನನ್ನು ನೋಡುವುದು ಒಂದು ರಂಗಪ್ರದರ್ಶನ ನೋಡಿದಂತೆ. ಕೋಚ್ ಹೇಳಿದ ವ್ಯೂಹವನ್ನು ಸಂಗಾತಿಗಳಿಗೆ ತಿಳಿಸಿ ಸಾಲಿಗೆ ಬಂದಮೇಲೆ ಎದುರಿನವರನ್ನು ದಿಟ್ಟಿಸುತ್ತಾನೆ. ಎಡಕ್ಕೆ ಹೋಗಿ ಒಬ್ಬನ ಬೆನ್ನು ತಟ್ಟುತ್ತಾನೆ, ಬಲಕ್ಕೆ ಬೆರಳು ತೋರಿಸುತ್ತಾನೆ, ಕೈಗಳನ್ನು ಕೊಕ್ಕರೆಯ ರೆಕ್ಕೆಯಂತೆ ಬಡಿಯುತ್ತಾನೆ, ಕೂಗುತ್ತಾನೆ. ಅದರಲ್ಲಿ ಅರ್ಧ ನಿಜ, ಅರ್ಧ ಎದುರಾಳಿಗಳನ್ನು ದಾರಿ ತಪ್ಪಿಸುವ ಬೂಟಾಟಿಕೆ. ಯಕ್ಷಗಾನ ಕಂಡವರಿಗೆ ಭಾಗವತರ ನೆನಪಾಗದಿರದು. ವೇಷಗಳೆಲ್ಲ ಸಿದ್ಧವಾಗಿ ನಿಂತಿದ್ದರೂ ಯಾವ ಪದ, ಯಾವ ತಾಳ, ಎಷ್ಟು ಹೊತ್ತು ಎನ್ನುವುದು ಅವರ ಕೈಯಲ್ಲಿದೆ. ವ್ಯತ್ಯಾಸವೆಂದರೆ ಪದ ಮುಗಿದೊಡನೆ ರಾಕ್ಷಸ ವೇಷದವರು ಭಾಗವತರ ಮೇಲೆ ಬಂದು ಬೀಳುವುದಿಲ್ಲ. ಮ್ಯಾನಿಂಗ್‌ನ ಕೂಗುಗಳಲ್ಲಿ ಹೆಸರಾದದ್ದು 'ಒಮಾಹಾ'. ನೆಬ್ರಾಸ್ಕ ರಾಜ್ಯದ ಒಂದು ಊರಿನ ಹೆಸರದು. 2014ರ ಜನವರಿಯ ಒಂದು ಪಂದ್ಯದಲ್ಲಿ ಆತ ಅದನ್ನು 44 ಸಲ ಕೂಗಿದ. ಆ ಊರಿನ ಕಂಪನಿಗಳು ಖುಷಿಪಟ್ಟು, ಮುಂದಿನ ಪಂದ್ಯದಲ್ಲಿ ಪ್ರತಿ ಕೂಗಿಗೆ 800 ಡಾಲರಿನಂತೆ ಆತನ ದತ್ತಿ ಸಂಸ್ಥೆಗೆ ಕೊಟ್ಟವು. ನಿವೃತ್ತನಾದ ಮೇಲೆ ಮ್ಯಾನಿಂಗ್ ಅದರ ಗುಟ್ಟು ಬಿಟ್ಟುಕೊಟ್ಟ: ವ್ಯೂಹ ಬದಲಾಗಿದೆ, ಸಮಯ ಮುಗಿಯುತ್ತಿದೆ, ನನ್ನ ಮುಂದಿನ ದನಿಗೇ ಚೆಂಡು ಬರಲಿ, ಇಷ್ಟೇ.

ಇಷ್ಟೆಲ್ಲ ತಯಾರಾದವನು ಸೋಲುವುದಿಲ್ಲವೇ? ಚೆನ್ನಾಗಿಯೇ ಸೋಲುತ್ತಾನೆ. 2004ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ, ಸೂಪರ್ ಬೌಲಿಗೆ ಒಂದೇ ಮೆಟ್ಟಿಲು ಬಾಕಿಯಿದ್ದಾಗ, ಮ್ಯಾನಿಂಗ್ ನಾಲ್ಕು ಇಂಟರ್‌ಸೆಪ್ಷನ್ ಎಸೆದ. ಮರುವರ್ಷ ಅದೇ ತಂಡ ಮತ್ತೆ ಮನೆಗೆ ಕಳಿಸಿತು. ದೊಡ್ಡ ಪಂದ್ಯದಲ್ಲಿ ಕೈಕೊಡುವವನು ಎಂಬ ಮಾತು ಪತ್ರಿಕೆಗಳಲ್ಲಿ ಅಂಟಿಕೊಂಡಿತು. 2007ರ ಜನವರಿ 21ರಂದು ಮತ್ತೆ ಅದೇ ಎದುರಾಳಿ, ಅದೇ ಮೆಟ್ಟಿಲು. ಪಂದ್ಯದ ಎರಡನೇ ಕಾಲುಭಾಗದಲ್ಲಿ ಮ್ಯಾನಿಂಗ್ ಎಸೆದ ಚೆಂಡನ್ನು ಎದುರಾಳಿ ತಂಡದ ಅಸಾಂತೆ ಸ್ಯಾಮ್ಯುಯೆಲ್ ಹಿಡಿದು 39 ಗಜ ಓಡಿ ಟಚ್‌ಡೌನ್ ಮಾಡಿದ. 21-3, ಕೋಲ್ಟ್ಸ್ ಹಿಂದೆ. ಆ ಹೊತ್ತಿನಲ್ಲಿ ಆ ಮನುಷ್ಯನ ತಲೆಯೊಳಗೆ ಏನಿತ್ತೋ, ನಮಗೆ ಕಾಣುವುದು ಆಮೇಲೆ ಆಡಿದ ಆಟ. ದ್ವಿತೀಯಾರ್ಧದಲ್ಲಿ ಕೋಲ್ಟ್ಸ್ 32 ಅಂಕ ಗಳಿಸಿ 38-34ರಿಂದ ಗೆದ್ದಿತು.

ಕ್ವಾರ್ಟರ್‌ಬ್ಯಾಕ್‌ಗೆ ಮರೆವು ಬೇಕು ಎಂದು ಆ ಆಟದ ಪಂಡಿತರು ಹೇಳುತ್ತಿರುತ್ತಾರೆ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ತಪ್ಪನ್ನು ಮರೆತುಬಿಡುವವನು ಸೋಮವಾರ ಫಿಲ್ಮಿನ ಮುಂದೆ ಏನು ಮಾಡುತ್ತಾನೆ? ಅವರು ಮರೆಯುವುದಿಲ್ಲ, ಮುಂದೂಡುತ್ತಾರೆ. ಭಾನುವಾರದ ಅವಮಾನಕ್ಕೆ ಸೋಮವಾರ ಬಾ ಎಂದು ಹೇಳಿ ಕಳಿಸುವ ಶಕ್ತಿ ಅದು. ಸೋಮವಾರ ಅದು ಬಂದಾಗ ಬಾಗಿಲು ತೆರೆದು ಕೂರಿಸಿಕೊಂಡು ವಿಚಾರಿಸುವುದು ಇನ್ನೂ ಕಷ್ಟದ ಕೆಲಸ.

ಎದುರಿನವನೂ ಕತ್ತಲೆ ಕೋಣೆಯಲ್ಲಿ ಕೂತಿರುತ್ತಾನೆ ಎನ್ನುವುದನ್ನು ಮ್ಯಾನಿಂಗ್ 2010ರ ಫೆಬ್ರವರಿಯಲ್ಲಿ ಕಂಡ. ಮತ್ತೆ ಸೂಪರ್ ಬೌಲ್, ಮತ್ತೆ ಮಯಾಮಿ. ಎದುರಾಳಿ ನ್ಯೂ ಆರ್ಲಿಯನ್ಸ್ ಸೇಂಟ್ಸ್, ಹುಟ್ಟೂರಿನ ತಂಡ, ತಂದೆ ವರ್ಷಗಟ್ಟಲೆ ಸೋಲುತ್ತ ಆಡಿದ ತಂಡ. 24-17ರಿಂದ ಹಿಂದಿದ್ದ ಕೋಲ್ಟ್ಸ್ ಕೊನೆಯ ನಿಮಿಷಗಳಲ್ಲಿ ಮುಂದೆ ಸಾಗುತ್ತಿತ್ತು. ಮೂರನೇ ಯತ್ನ, ಐದು ಗಜ ಬಾಕಿ. ಇಂಥ ಹೊತ್ತಿನಲ್ಲಿ ಮ್ಯಾನಿಂಗ್ ಸಂಗಾತಿ ರೆಜಿ ವೇನ್‌ಗೆ ಅಡ್ಡಹಾಯುವ ಸಣ್ಣ ಎಸೆತವೊಂದನ್ನು ಇಷ್ಟಪಡುತ್ತಾನೆ ಎಂದು ಸೇಂಟ್ಸ್‌ನ ಟ್ರೇಸಿ ಪೋರ್ಟರ್ ಫಿಲ್ಮಿನಲ್ಲಿ ನೋಡಿಕೊಂಡು ಬಂದಿದ್ದ. ವೇನ್‌ಗಿಂತ ಮುಂಚೆ ಆ ಜಾಗಕ್ಕೆ ನುಗ್ಗಿ, ಚೆಂಡು ಹಿಡಿದು, 74 ಗಜ ಓಡಿದ. 31-17. ತನ್ನ ಅಸ್ತ್ರವೇ ತನಗೆ ತಗುಲಿದ ಸೋಲು ಅದು. ಹೆಚ್ಚು ಓದಿದವನ ಕೈಬರಹವೂ ಓದಲು ಸಿಗುತ್ತದೆ. ಒಂದು ಎಸೆತವನ್ನು ತಪ್ಪಿಲ್ಲದಷ್ಟು ರೂಢಿ ಮಾಡಿಕೊಂಡರೆ ಅದು ಇತರರಿಗೂ ಗೊತ್ತಾಗುವಷ್ಟು ರೂಢಿಯಾಗಿರುತ್ತದೆ.

ಇನ್ನೊಂದು ದೋಷವನ್ನೂ ಹೇಳಬೇಕು. ಅಭ್ಯಾಸದ ಎಸೆತಗಳೆಲ್ಲ ಮ್ಯಾನಿಂಗ್‌ಗೇ ಬೇಕು. ಬದಲಿ ಆಟಗಾರರಿಗೆ ತಂಡದ ಜೊತೆ ಆಡಿ ಕಲಿಯಲು ಸಿಗುತ್ತಿದ್ದುದು ಅತ್ಯಲ್ಪ. 2011ರಲ್ಲಿ ಆತನ ಕುತ್ತಿಗೆ ಕೈಕೊಟ್ಟು ಇಡೀ ಋತು ಹೊರಗುಳಿದಾಗ, ಹಿಂದಿನ ವರ್ಷ 10 ಪಂದ್ಯ ಗೆದ್ದಿದ್ದ ತಂಡ ಎರಡನ್ನು ಮಾತ್ರ ಗೆದ್ದು 14 ಸೋತಿತು. ಒಬ್ಬನ ಶ್ರದ್ಧೆ ಒಂದು ಸಂಸ್ಥೆಯನ್ನು ಎಷ್ಟು ಎತ್ತಬಲ್ಲದೋ ಅಷ್ಟೇ ಪೊಳ್ಳಾಗಿಸಬಲ್ಲದು. ಇಂಥವನನ್ನು ಮಾದರಿ ಎಂದು ತೋರಿಸುವ ಕಚೇರಿಗಳ ಭಾಷಣಕಾರರು ಈ ಪುಟವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಈ ಆಟ ಮೈಯಿಂದ, ಮುಖ್ಯವಾಗಿ ಮೆದುಳಿನಿಂದ ವಸೂಲು ಮಾಡುವ ಬೆಲೆಯ ಬಗ್ಗೆ ಅಲ್ಲಿನ ನಿವೃತ್ತ ಆಟಗಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಅದೇ ಒಂದು ಬೇರೆ ಭಾಷಣಕ್ಕೆ ಸಾಕಾಗುವ ವಿಷಯ.

ಕುತ್ತಿಗೆಯ ಕತೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನರ ಒತ್ತಿಹೋಗಿ ಎಸೆಯುವ ಬಲತೋಳಿನ ಶಕ್ತಿ ಇಳಿದಿತ್ತು. 2011ರ ಮೇ ತಿಂಗಳ ಶಸ್ತ್ರಚಿಕಿತ್ಸೆಯ ಬಳಿಕ, ಮಾಲೀಕರಿಗೂ ಆಟಗಾರರಿಗೂ ಒಪ್ಪಂದದ ಜಗಳವಾಗಿ ಲೀಗ್ ಬಾಗಿಲು ಹಾಕಿದ್ದ ಕಾಲದಲ್ಲಿ, ಮ್ಯಾನಿಂಗ್ ಸದ್ದಿಲ್ಲದೆ ಡೆನ್ವರ್‌ಗೆ ಹೋದ. ಕಾಲೇಜಿನ ಗೆಳೆಯ, ಅಲ್ಲಿನ ಬೇಸ್‌ಬಾಲ್ ತಂಡದ ಟಾಡ್ ಹೆಲ್ಟನ್ ಜೊತೆ, ಯಾರ ಕಣ್ಣಿಗೂ ಬೀಳದ ಹಾಗೆ, ಆ ತಂಡದ ಅಭ್ಯಾಸದ ಜಾಗದಲ್ಲಿ ಎಸೆದು ನೋಡಿದ. ಮೊದಲ ಎಸೆತ ಕೆಲವೇ ಗಜ ಹೋಗಿ ನೆಲಕ್ಕೆ ಬಿತ್ತು. ಹೆಲ್ಟನ್ ಅದನ್ನು ತಮಾಷೆ ಎಂದುಕೊಂಡು ಸರಿಯಾಗಿ ಎಸೆಯಲು ಹೇಳಿದನಂತೆ. ಅದು ತಮಾಷೆಯಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಕತ್ತಿನ ಎರಡು ಎಲುಬುಗಳನ್ನು ಬೆಸೆಯುವ ಇನ್ನೊಂದು ಶಸ್ತ್ರಚಿಕಿತ್ಸೆ.

35 ದಾಟಿದವನು, ಲೀಗಿನ ಶ್ರೇಷ್ಠ ಆಟಗಾರನೆಂದು ನಾಲ್ಕು ಸಲ ಆಯ್ಕೆಯಾದವನು, ಎಸೆಯುವುದನ್ನು ಮೊದಲಿನಿಂದ ಕಲಿಯಲು ಹಳೆಯ ಗುರುವಿನ ಬಳಿಗೆ ಹೋದ. ಕಾಲೇಜಿನಲ್ಲಿ ಆತನನ್ನು ತಿದ್ದಿದ್ದ ಡೇವಿಡ್ ಕಟ್‌ಕ್ಲಿಫ್ ಆಗ ಡ್ಯೂಕ್ ವಿಶ್ವವಿದ್ಯಾಲಯದ ಕೋಚ್. ಹೆಜ್ಜೆ ಎಲ್ಲಿಡಬೇಕು, ಸೊಂಟ ಯಾವಾಗ ತಿರುಗಬೇಕು, ಮೊಣಕೈ ಎಷ್ಟು ಎತ್ತರಕ್ಕೆ ಬರಬೇಕು ಎಂಬಲ್ಲಿಂದ ಇಬ್ಬರೂ ಶುರುಮಾಡಿದರು. ತೋಳಿನಲ್ಲಿ ಇಲ್ಲದ ಬಲವನ್ನು ಕಾಲಿನಿಂದ ತರಬೇಕಿತ್ತು. ಕೊನೆಗೊಂದು ಪರೀಕ್ಷೆ. ಕೋಲ್ಟ್ಸ್‌ನ ಹಳೆಯ ಸಂಗಾತಿಗಳನ್ನು ಕರೆಸಿ, 2010ರ ಜನವರಿಯಲ್ಲಿ ನ್ಯೂಯಾರ್ಕ್ ಜೆಟ್ಸ್ ವಿರುದ್ಧ ಗೆದ್ದ ಪಂದ್ಯವನ್ನು, ಫಿಲ್ಮಿನಲ್ಲಿದ್ದ ಕ್ರಮದಲ್ಲೇ, ಒಂದಾದ ಮೇಲೊಂದು ಯತ್ನವಾಗಿ ಖಾಲಿ ಮೈದಾನದಲ್ಲಿ ಪೂರ್ತಿ ಆಡಿದರು. ಪ್ರೇಕ್ಷಕರಿಲ್ಲ, ಎದುರಾಳಿಗಳಿಲ್ಲ. ತಾನು ಒಮ್ಮೆ ಆಗಿದ್ದವನಿಗೆ ತಾನೀಗ ಎಷ್ಟು ಹತ್ತಿರ ಇದ್ದೇನೆ ಎಂದು ಅಳೆದುಕೊಳ್ಳಲು ಇದಕ್ಕಿಂತ ನಿಷ್ಠುರವಾದ ಅಳತೆಗೋಲು ಸಿಗುವುದು ಕಷ್ಟ.

2012ರ ಮಾರ್ಚಿನಲ್ಲಿ ಕೋಲ್ಟ್ಸ್ ಆತನನ್ನು ಬಿಟ್ಟುಕೊಟ್ಟಿತು. ಡೆನ್ವರ್ ಬ್ರಾಂಕೋಸ್ ಕರೆದುಕೊಂಡಿತು. ಬೆರಳ ತುದಿಗಳಿಗೆ ಸ್ಪರ್ಶ ಪೂರ್ತಿ ಮರಳಲಿಲ್ಲ, ಕೈಗವಸು ತೊಟ್ಟು ಎಸೆಯತೊಡಗಿದ. ಎಸೆತದಲ್ಲಿ ಹಳೆಯ ಬಿರುಸಿರಲಿಲ್ಲ, ಚೆಂಡು ಗಾಳಿಯಲ್ಲಿ ಅಲ್ಲಾಡುತ್ತಿತ್ತು. ಆದರೆ ಎಲ್ಲಿ, ಯಾವಾಗ ಎನ್ನುವುದು ಮೊದಲಿಗಿಂತ ಬೇಗ ಗೊತ್ತಾಗುತ್ತಿತ್ತು. 2013ರ ಋತುವಿನಲ್ಲಿ 55 ಟಚ್‌ಡೌನ್, 5,477 ಗಜ. ಎರಡೂ ಲೀಗಿನ ದಾಖಲೆ. ಆ ಋತುವಿನ ಕೊನೆಯ ಪಂದ್ಯ ಸಿಯಾಟಲ್ ವಿರುದ್ಧದ ಸೂಪರ್ ಬೌಲ್. ಮೊದಲ ಯತ್ನದಲ್ಲೇ, ಗದ್ದಲದಲ್ಲಿ ದನಿ ಕೇಳಿಸದೆ, ಸೂಚನೆ ಬದಲಿಸಲು ಮ್ಯಾನಿಂಗ್ ಮುಂದೆ ನಡೆದು ಬರುತ್ತಿರುವಾಗಲೇ ಸೆಂಟರ್ ಚೆಂಡು ಕೊಟ್ಟ. ಅದು ಆತನ ತಲೆಯ ಪಕ್ಕದಿಂದ ಹಾರಿ ಹಿಂದಿನ ಪಟ್ಟಿಗೆ ಹೋಯಿತು. ಪಂದ್ಯ ಶುರುವಾಗಿ 12 ಸೆಕೆಂಡಿಗೆ ಎದುರಾಳಿಗಳಿಗೆ 2 ಅಂಕ, ಕೊನೆಗೆ 43-8ರ ಸೋಲು. ಕಡೆಯ ಕ್ಷಣದವರೆಗೂ ತಿದ್ದುತ್ತಿರಬೇಕು ಎನ್ನುವ ಹಟವೇ ಆ ದಿನ ಕಾಲಿಗೆ ತೊಡರಿತು.

2015ರ ನವೆಂಬರ್ 15ರಂದು ಕ್ಯಾನ್ಸಾಸ್ ಸಿಟಿ ವಿರುದ್ಧ ಮ್ಯಾನಿಂಗ್ ಎಸೆದ 20 ಚೆಂಡುಗಳಲ್ಲಿ ಸಂಗಾತಿಗಳ ಕೈ ಸೇರಿದ್ದು ಐದು, ಎದುರಾಳಿಗಳ ಕೈ ಸೇರಿದ್ದು ನಾಲ್ಕು. ಒಟ್ಟು ಎಸೆತದ ಗಜಗಳಲ್ಲಿ ಲೀಗಿನ ದಾಖಲೆಯನ್ನು ಮುರಿದದ್ದೂ ಅಂದೇ. ಕ್ವಾರ್ಟರ್‌ಬ್ಯಾಕ್‌ಗಳನ್ನು ಅಳೆಯುವ ಸೂತ್ರವೊಂದಿದೆ. ಅದರ ಪ್ರಕಾರ ಅಂದು ಆತ ಪಡೆದ ಅಂಕ ಸೊನ್ನೆ. ಪಂದ್ಯದ ನಡುವೆಯೇ ಹೊರಗೆ ಕೂರಿಸಿದರು. ಪಾದದ ಗಾಯ ಬೇರೆ. ಮುಂದಿನ ವಾರಗಳಲ್ಲಿ ಬ್ರಾಕ್ ಆಸ್ವೈಲರ್ ಎಂಬ ತರುಣ ಆಡಿದ.

ಮ್ಯಾನಿಂಗ್‌ನ ಬದುಕಿನ ಅತ್ಯಂತ ಕಠಿಣ ಪಾಠ ಇಲ್ಲಿಂದ ಶುರುವಾಯಿತು ಎಂದು ನನಗೆ ತೋರುತ್ತದೆ. 2016ರ ಜನವರಿ 3ರಂದು, ಋತುವಿನ ಕೊನೆಯ ಲೀಗ್ ಪಂದ್ಯದ ಮೂರನೇ ಕಾಲುಭಾಗದಲ್ಲಿ, ಬದಲಿ ಆಟಗಾರನಾಗಿ ಮ್ಯಾನಿಂಗ್ ಮತ್ತೆ ಒಳಗೆ ಬಂದ. ಬಂದವನು ಹಳೆಯ ಮ್ಯಾನಿಂಗ್ ಆಗಲು ಯತ್ನಿಸಲಿಲ್ಲ. ಬ್ರಾಂಕೋಸ್‌ನ ತಡೆಯುವ ಪಡೆ ಆ ವರ್ಷ ಲೀಗಿನಲ್ಲೇ ಬಲಿಷ್ಠ. ತಾನು ಚೆಂಡು ಕಳೆದುಕೊಳ್ಳದಿದ್ದರೆ ಸಾಕು, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. 18 ವರ್ಷ ತಾನೇ ಎಲ್ಲವನ್ನೂ ಬರೆದು, ಹೇಳಿ, ತಿದ್ದಿದವನಿಗೆ ಈ ಸಣ್ಣ ಪಾತ್ರವನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಕ್ಕಿಲ್ಲ. ಓಡುವವನ ಕೈಗೆ ಚೆಂಡಿಡುವುದು, ದಾರಿ ಕಾಣದಿದ್ದರೆ ಗೆರೆಯಾಚೆ ಎಸೆದುಬಿಡುವುದು, ನಾಲ್ಕನೇ ಯತ್ನದಲ್ಲಿ ಚೆಂಡನ್ನು ಒದೆಯುವವನಿಗೆ ಬಿಟ್ಟು ಬಂದು ಬೆಂಚಿನ ಮೇಲೆ ಕೂರುವುದು. ನೋಡುವವರಿಗೆ ಬೇಸರದ ಆಟ. ಆದರೆ ತನ್ನ ತೋಳಿನಿಂದ ಏನಾಗದು ಎನ್ನುವುದನ್ನೂ ಫಿಲ್ಮ್ ನೋಡಿದಷ್ಟೇ ನಿರ್ಮೋಹದಿಂದ ನೋಡಿ, ಅದಕ್ಕೆ ತಕ್ಕ ವ್ಯೂಹ ಆರಿಸುವುದು ತಯಾರಿಯ ಕೊನೆಯ ತರಗತಿ. ಎಷ್ಟೋ ಪ್ರತಿಭಾವಂತರು ಅಲ್ಲಿಗೆ ತಲುಪುವ ಮುಂಚೆಯೇ ನಿಂತುಬಿಡುತ್ತಾರೆ.

2016ರ ಫೆಬ್ರವರಿ 7ರಂದು ಕ್ಯಾಲಿಫೋರ್ನಿಯಾದಲ್ಲಿ ನಡೆದ 50ನೇ ಸೂಪರ್ ಬೌಲಿನಲ್ಲಿ ಬ್ರಾಂಕೋಸ್ ತಂಡ ಕ್ಯಾರೊಲೈನಾ ಪ್ಯಾಂಥರ್ಸ್ ವಿರುದ್ಧ 24-10ರಿಂದ ಗೆದ್ದಿತು. ಚೆಂಡು ಹಿಡಿದು ಅವರು ಒಟ್ಟು ಸಾಗಿದ್ದು 194 ಗಜ. ಸೂಪರ್ ಬೌಲ್ ಗೆದ್ದ ಯಾವ ತಂಡವೂ ಅಲ್ಲಿಯವರೆಗೆ ಅಷ್ಟು ಕಡಿಮೆ ಸಾಗಿರಲಿಲ್ಲ. ಮ್ಯಾನಿಂಗ್‌ನ ಎಸೆತಗಳಿಂದ ಬಂದದ್ದು 141 ಗಜ. ಪಂದ್ಯದ ಶ್ರೇಷ್ಠ ಆಟಗಾರ ಎನಿಸಿಕೊಂಡವನು ತಡೆಯುವ ಪಡೆಯ ವಾನ್ ಮಿಲ್ಲರ್. ಒಂದು ತಿಂಗಳ ನಂತರ, ಮಾರ್ಚ್ 7ರಂದು, ಮ್ಯಾನಿಂಗ್ ನಿವೃತ್ತಿ ಘೋಷಿಸಿದ. ತನಗಿಂತ ಪ್ರತಿಭಾವಂತರು ಇದ್ದಿರಬಹುದು, ತಯಾರಿಯಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬ ಅರ್ಥದ ಮಾತನ್ನು ಅಂದು ಹೇಳಿದ. ಕೊಂಚ ಜಂಬದ ಮಾತೇ. ಆದರೆ ಆ ಒಂದು ವಿಷಯದಲ್ಲಿ ಅಲ್ಲಗಳೆದವರನ್ನು ನಾನು ಕಂಡಿಲ್ಲ.

ಆ ಅಂತಿಮ ಪಂದ್ಯದಲ್ಲಿ ಮೂರು ನಿಮಿಷ ಚಿಲ್ಲರೆ ಉಳಿದಿದ್ದಾಗ ಬ್ರಾಂಕೋಸ್‌ಗೆ ಒಂದು ಟಚ್‌ಡೌನ್ ಸಿಕ್ಕಿತು. ಆಮೇಲೆ ಹೆಚ್ಚುವರಿ 2 ಅಂಕಕ್ಕಾಗಿ ಒಂದು ಯತ್ನ. ಮ್ಯಾನಿಂಗ್ ಬೆನ್ನಿ ಫೌಲರ್ ಎಂಬ ಹೆಚ್ಚು ಹೆಸರಿಲ್ಲದ ಆಟಗಾರನಿಗೆ ಎಸೆದ, ಅವನು ಹಿಡಿದ. ಮ್ಯಾನಿಂಗ್‌ನ ವೃತ್ತಿಜೀವನದ ಕೊನೆಯ ಎಸೆತ ಅದು. ಹೆಚ್ಚುವರಿ ಅಂಕಕ್ಕಾಗಿ ಎಸೆದ ಚೆಂಡುಗಳನ್ನು ಲೀಗಿನ ದಾಖಲೆ ಪುಸ್ತಕ ಕ್ವಾರ್ಟರ್‌ಬ್ಯಾಕ್‌ನ ಲೆಕ್ಕಕ್ಕೆ ಸೇರಿಸುವುದಿಲ್ಲ.